ಕಿವಿ ಕಟ್ಟಿದರೆ ಏನು ಮಾಡೋದು? ಬಡ್ಸ್, ಎಣ್ಣೆ, ಡ್ರಾಪ್ಸ್, ಇಎನ್‌ಟಿ

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಕ್ಯಾತಸಂದ್ರ ದಾಟುವಷ್ಟರಲ್ಲಿ ಬೋಗಿ ತುಂಬ ಇಯರ್‌ಫೋನುಗಳೇ. ನಾನೂ ಅದೇ ಪಂಗಡದವನು. ದಿನಾ ಗಂಟೆಗಟ್ಟಲೆ ಕಿವಿ ಮುಚ್ಚಿಟ್ಟರೆ ಗುಗ್ಗೆ ಹೊರಗೆ ಬರೋದಾದರೂ ಹೇಗೆ? ನನ್ನ ಬಲಗಿವಿ ಆಗಾಗ ಕಟ್ಟಿಕೊಳ್ಳುತ್ತದೆ. ತಲೆಗೆ ನೀರು ಹಾಕಿಕೊಂಡ ದಿನವಂತೂ ಖಾತ್ರಿ, ಯಾಕಂದರೆ ನೀರು ಕುಡಿದ ಗುಗ್ಗೆ ಊದಿಕೊಳ್ಳುತ್ತದೆ. ಈ ನೆಪದಲ್ಲಿ ಸಿಕ್ಕಿದ್ದೆಲ್ಲ ಪ್ರಯೋಗ ಮಾಡಿ ನೋಡಿದ್ದೇನೆ.

ಮೊದಲು ಬಡ್ಸ್. ಎಲ್ಲದಕ್ಕಿಂತ ಅಗ್ಗ, ಎಲ್ಲದಕ್ಕಿಂತ ದಂಡ. ಕಿವಿಯ ನಾಳ ಇರುವುದೇ ಸುಮಾರು 2.5 ಸೆಂಟಿಮೀಟರ್. ಅದರಲ್ಲಿ ಗುಗ್ಗೆ ತಯಾರಾಗುವುದು ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಒಳಗಿನ ಚರ್ಮ ನಿಧಾನಕ್ಕೆ ಹೊರಗೆ ಸರಿಯುತ್ತಾ ಗುಗ್ಗೆಯನ್ನೂ ಜೊತೆಗೆ ತರುತ್ತದೆ. ನಾವು ಅಗಿಯುವಾಗ ದವಡೆ ಆಡುತ್ತದಲ್ಲ, ಅದೂ ಸಹಾಯಕ್ಕೆ ಬರುತ್ತದೆ. ಬಡ್ಸ್ ಇದಕ್ಕೆ ಸರಿಯಾಗಿ ಉಲ್ಟಾ ಕೆಲಸ ಮಾಡುತ್ತದೆ. ತುದಿಗೆ ಅಂಟಿದ ಹಳದಿ ನೋಡಿ ನಮಗೆ ಸಮಾಧಾನ. ಮಿಕ್ಕಿದ್ದು ಕಿವಿತಮಟೆಯ ಕಡೆಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ಹೇರ್‌ಪಿನ್ನು, ಬೆಂಕಿಕಡ್ಡಿ, ಸ್ಕೂಟರ್ ಕೀ ಇವೆಲ್ಲ ಬಡ್ಸಿನ ಅಣ್ಣಂದಿರು.

ಈಗ ಆನ್‌ಲೈನಿನಲ್ಲಿ ಕ್ಯಾಮೆರಾ ಇರುವ ಕಡ್ಡಿ ಬರುತ್ತದೆ. ಫೋನಿನಲ್ಲಿ ಕಿವಿಯ ಒಳಗೆಲ್ಲ ಕಾಣುತ್ತದೆ. ನಿಜ ಹೇಳಬೇಕಂದರೆ ನೋಡೋಕೆ ಭಲೇ ಮಜಾ! ಕೂದಲು, ಹೊಳೆಯುವ ಚರ್ಮ, ಅದರಾಚೆ ಬೂದು ಬಣ್ಣದ ತಮಟೆ. ಆದರೆ ಚಿತ್ರ ಚಪ್ಪಟೆ. ತುದಿ ಎಷ್ಟು ಆಳಕ್ಕೆ ಹೋಗಿದೆ ಅಂತ ಗೊತ್ತೇ ಆಗುವುದಿಲ್ಲ. ಯಾರಾದರೂ ಪಕ್ಕದಿಂದ ಮೊಣಕೈ ತಾಗಿಸಿದರೆ ಕಥೆ ಮುಗಿಯಿತು. ನೋಡೋಕೆ ಇಟ್ಟುಕೊಳ್ಳಿ, ಕೆರೆಯೋಕೆ ಬೇಡ.

ಇನ್ನು ಅಮ್ಮನ ಔಷಧಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. "ಎರಡು ಹನಿ ಬಿಟ್ಕೊಂಡು ಮಲಗೋ, ತಾನೇ ಮೇಲಕ್ಕೆ ಬರುತ್ತೆ." ಬೆಳ್ಳುಳ್ಳಿಯಿಂದ ಗುಗ್ಗೆಗೆ ಏನೂ ಆಗುವುದಿಲ್ಲ, ಆದರೆ ಎಣ್ಣೆ ಮೆತ್ತಗೆ ಮಾಡುವುದು ನಿಜ. ಅಪಾಯ ಇರುವುದು ಬಿಸಿಯಲ್ಲಿ. ಒಲೆಯಿಂದ ಇಳಿಸಿದ ಎಣ್ಣೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ ಹಾಕಿದರೂ ಒಳಗಿನ ತೆಳು ಚರ್ಮ ಸುಟ್ಟೀತು. ಪೂರ್ತಿ ಆರಿದ ಮೇಲೆ ಹಾಕಿದರೂ ಕೆಲಸ ಅಷ್ಟೇ ಆಗುತ್ತದೆ.

ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಮಾಡುವುದೂ ಮೆತ್ತಗೆ ಮಾಡುವ ಕೆಲಸವನ್ನೇ. ಸೋಡಿಯಂ ಬೈಕಾರ್ಬನೇಟ್ ಇರುವುದು ಒಂದು ಬಗೆ, ಟರ್ಪೆಂಟೈನ್ ಎಣ್ಣೆ ಬೆರೆಸಿದ್ದು ಇನ್ನೊಂದು ಬಗೆ. ಎರಡನ್ನೂ ನೋಡಿದ್ದೇನೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡನೆಯದು ಸ್ವಲ್ಪ ಚುರುಗುಟ್ಟಿತು, ಅಷ್ಟೇ. ಹನಿ ಬಿಟ್ಟು ಮಗ್ಗುಲಾಗಿ ಐದು ನಿಮಿಷ ಮಲಗಬೇಕು. ಹಾಗೇ ಮೂರರಿಂದ ಐದು ದಿನ. ಮೊದಲ ದಿನ ಕಿವಿ ಇನ್ನೂ ಜಾಸ್ತಿ ಕಟ್ಟುತ್ತದೆ, ಗಾಬರಿ ಬೇಡ. ಸುಮಾರಾಗಿ ಕಟ್ಟಿದ ಕಿವಿಗೆ ಇಷ್ಟೇ ಸಾಕು. ಮನೆಯಲ್ಲಿ ಮಾಡುವುದಾದರೆ ನನ್ನ ಓಟು ಡ್ರಾಪ್ಸಿಗೆ.

ಬಸ್ ಸ್ಟ್ಯಾಂಡಿನಲ್ಲೋ ಜಾತ್ರೆಯಲ್ಲೋ ಕಡ್ಡಿ, ಹತ್ತಿ ಹಿಡಿದು ಕಿವಿ ಕ್ಲೀನ್ ಮಾಡುವವರ ಮುಂದೆ ಮಾತ್ರ ನಾನು ಕುಳಿತಿಲ್ಲ. ಒಂದೇ ಕಡ್ಡಿ ಎಷ್ಟು ಜನರ ಕಿವಿ ಸುತ್ತಿ ಬಂದಿರುತ್ತದೋ.

ಡ್ರಾಪ್ಸ್ ಹಾಕಿಯೂ ಕಿವಿ ಬಿಡಲಿಲ್ಲ ಅಂದರೆ ಇಎನ್‌ಟಿ. ಇಲ್ಲಿ ಎರಡು ವಿಧಾನ, ಎರಡನ್ನೂ ಮಾಡಿಸಿಕೊಂಡಿದ್ದೇನೆ. ಒಂದು ನೀರು ಹೊಡೆಯುವುದು. ಕಿವಿಯ ಕೆಳಗೆ ಸ್ಟೀಲಿನ ಟ್ರೇ ನಮ್ಮ ಕೈಗೇ ಕೊಡುತ್ತಾರೆ. ನೀರು ಮೈಬಿಸಿಯಷ್ಟೇ, ಅಂದರೆ 37 ಡಿಗ್ರಿ ಹತ್ತಿರ ಇರಬೇಕು. ತಣ್ಣಗಿದ್ದರೂ ಬಿಸಿಯಿದ್ದರೂ ಒಳಗಿವಿಯ ಸಮತೋಲ ಕೆಟ್ಟು ತಲೆ ಗಿರ್ರೆನ್ನುತ್ತದೆ. ತಲೆಯೊಳಗೇ ನಲ್ಲಿ ಬಿಟ್ಟಂಥ ಸದ್ದು. ಆಮೇಲೆ ಟ್ರೇಗೆ ಟಪ್ ಅಂತ ಹುಣಸೆ ಬೀಜದಷ್ಟು ಕಂದು ಉಂಡೆ ಬಿತ್ತು. ಪಕ್ಕದಲ್ಲಿ ನರ್ಸಮ್ಮ ಚೀಟಿ ಹರಿದ ಸದ್ದು ಬೆಚ್ಚಿಬೀಳುವಷ್ಟು ಜೋರಾಗಿ ಕೇಳಿಸಿತು.

ಇನ್ನೊಂದು ಸಕ್ಷನ್. ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಸಣ್ಣ ನಳಿಗೆಯಿಂದ ಎಳೆದು ತೆಗೆಯುತ್ತಾರೆ. ಸದ್ದು ಕರ್ಕಶ, ಒಳಗೆ ತಣ್ಣಗೆ ಗಾಳಿ ಆಡುತ್ತದೆ, ಕ್ಷಣ ಹೊತ್ತು ತಲೆ ತಿರುಗಿದರೂ ತಿರುಗೀತು. ನೀರಿಗಿಂತ ಖರ್ಚೂ ಜಾಸ್ತಿಯಾಯಿತು. ಆದರೂ ನನಗೆ ಹಿಡಿಸಿದ್ದು ಇದೇ. ಮಾಡುವುದೆಲ್ಲ ಅವರ ಕಣ್ಣೆದುರೇ ನಡೆಯುತ್ತದೆ, ಕಿವಿಯೂ ಒದ್ದೆಯಾಗುವುದಿಲ್ಲ. ತಮಟೆಯಲ್ಲಿ ತೂತು ಇದ್ದವರಿಗೆ, ಕಿವಿ ಆಪರೇಷನ್ ಆದವರಿಗೆ ನೀರು ಹೊಡೆಯುವ ಹಾಗಿಲ್ಲ, ಅವರಿಗೆ ಇದೇ ದಾರಿ. ಇಂಥ ತೊಂದರೆ ಇಲ್ಲದವರು ಹೋಗುವ ಮುಂಚೆ ಕೆಲವು ದಿನ ಡ್ರಾಪ್ಸ್ ಹಾಕಿಕೊಂಡು ಹೋಗಿ, ಡಾಕ್ಟರಿಗೂ ನಿಮಗೂ ಸುಲಭ.

ಕೆಲವು ಸಲ ಮಾತ್ರ ಡ್ರಾಪ್ಸಿಗೂ ಕೈ ಹಾಕಬಾರದು. ನೋವು, ಕೀವು, ರಕ್ತ, ತಲೆಸುತ್ತು ಇದ್ದರೆ ಸೀದಾ ಡಾಕ್ಟರ ಹತ್ತಿರ. ಸಕ್ಕರೆ ಕಾಯಿಲೆ ಇರುವವರು ಕಿವಿನೋವನ್ನು ನಾಳೆ ನೋಡೋಣ ಅಂತ ಬಿಡಬಾರದು, ಸೋಂಕು ಮೂಳೆಯವರೆಗೂ ಇಳಿಯಬಹುದು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸುವುದು ನಿಂತರೆ ಗುಗ್ಗೆ ಅಂತ ಸುಮ್ನೆ ಕೂರಬೇಡಿ. ಅದು ನರದ ತೊಂದರೆ ಇದ್ದರೆ ಬೇಗ ಔಷಧಿ ಶುರುವಾಗಬೇಕು, ಅದೇ ದಿನ ಹೋದರೆ ಒಳ್ಳೆಯದು. ಮಕ್ಕಳು ಕಿವಿಗೆ ಕಡಲೆಯನ್ನೋ ಅವರೆಕಾಳನ್ನೋ ತುರುಕಿಕೊಂಡರೆ ನೀರು ಬಿಡಬೇಡಿ, ಕಾಳು ಊದಿ ಕಚ್ಚಿಕೊಳ್ಳುತ್ತದೆ. ಬಟನ್ ಬ್ಯಾಟರಿ ಆದರೆ ಏನನ್ನೂ ಹಾಕದೆ ತಕ್ಷಣ ಓಡಿ, ಗಂಟೆಗಳಲ್ಲೇ ಒಳಗೆ ಸುಡುತ್ತದೆ.

ಮನೆಯಲ್ಲಿ ವಯಸ್ಸಾದವರು ಟಿವಿ ವಾಲ್ಯೂಮ್ ಏರಿಸುತ್ತಾ ಹೋದರೆ ಮೊದಲು ಕಿವಿ ತೋರಿಸಿ. ವಯಸ್ಸಾದಂತೆ ಗುಗ್ಗೆ ಒಣಗಿ ಗಟ್ಟಿಯಾಗುತ್ತದೆ. ಶ್ರವಣ ಯಂತ್ರ ಹಾಕುವವರಿಗಂತೂ ಇದು ಮಾಮೂಲಿ. ಜಿಲ್ಲಾಸ್ಪತ್ರೆಯ ಇಎನ್‌ಟಿಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಚೀಟಿ ಮಾಡಿಸಿ. ಯಂತ್ರವನ್ನೂ ಜೊತೆಗೇ ಒಯ್ಯಿರಿ, ಎಷ್ಟೋ ಸಲ ಕಟ್ಟಿರುವುದು ಅದರ ತೂತೇ.