ಸೇತುವೆಯ ಈ ಕಡೆಯೋ, ಆ ಕಡೆಯೋ: ಡಿಜಿಕ್ಯಾಮ್, ಎಕ್ಸಿಫ್‌ಟೂಲ್ ಜೊತೆ 9 ವರ್ಷ

ನಾನು ಸೇತುವೆಯ ಈ ಕಡೆ ನಿಂತು ಫೋಟೋ ತೆಗೆದಿದ್ದೆ. ಮ್ಯಾಪ್‌ನಲ್ಲಿ ನೋಡಿದರೆ ಸೇತುವೆ ದಾಟಿ ಆ ಕಡೆ ಹೋಗಿಬಿಟ್ಟಿದ್ದೆ. ಒಂದಲ್ಲ, ಅವತ್ತಿನ 140 ಫೋಟೋಗಳದ್ದೂ ಇದೇ ಕಥೆ. ಜಿಪಿಎಸ್ ಸರಿ ಇಲ್ಲ ಅಂತ ಬೈದುಕೊಂಡೆ. ಜಿಪಿಎಸ್ ಸರಿಯಾಗೇ ಇತ್ತು. ಕ್ಯಾಮೆರಾದ ಗಡಿಯಾರ 4 ನಿಮಿಷ ಮುಂದಿತ್ತು. ನಡಿಗೆಯಲ್ಲಿ 4 ನಿಮಿಷ ಅಂದ್ರೆ 300 ಮೀಟರ್‌ಗೂ ಜಾಸ್ತಿ.

ನನ್ನ ಕ್ಯಾಮೆರಾದಲ್ಲಿ ಜಿಪಿಎಸ್ ಇಲ್ಲ. ಹಾಗಾಗಿ ನಡೆಯುವಾಗ ಫೋನ್‌ನಲ್ಲಿ ಟ್ರ್ಯಾಕ್ ರೆಕಾರ್ಡ್ ಮಾಡುತ್ತೇನೆ. ಅದು ಜಿಪಿಎಕ್ಸ್ ಫೈಲ್ ಆಗುತ್ತದೆ: ಇಷ್ಟು ಹೊತ್ತಿಗೆ ಇಲ್ಲಿದ್ದೆ, ಇಷ್ಟು ಹೊತ್ತಿಗೆ ಅಲ್ಲಿದ್ದೆ ಅನ್ನುವ ಉದ್ದನೆಯ ಪಟ್ಟಿ. ಆಮೇಲೆ ಡಿಜಿಕ್ಯಾಮ್ ಅನ್ನುವ ಫೋಟೋ ಜೋಡಿಸಿಡುವ ಸಾಫ್ಟ್‌ವೇರ್ ಪ್ರತಿ ಫೋಟೋದ ಸಮಯವನ್ನು ಈ ಪಟ್ಟಿಯ ಜೊತೆ ತಾಳೆ ನೋಡಿ ಅಕ್ಷಾಂಶ, ರೇಖಾಂಶ ಬರೆಯುತ್ತದೆ. ನೋಡೋಕೆ ಜಾಗ ಹುಡುಕುವ ಕೆಲಸ, ಆದರೆ ಪೂರ್ತಿ ನಿಂತಿರುವುದು ಗಡಿಯಾರದ ಮೇಲೆ.

ಈಗ ದಿನದ ಮೊದಲ ಫೋಟೋ ಫೋನಿನ ಗಡಿಯಾರದ್ದು, ಸೆಕೆಂಡು ಕಾಣುವ ಹಾಗೆ. ಫೋಟೋದಲ್ಲಿ ಕಾಣುವ ಸಮಯ ಒಂದು, ಕ್ಯಾಮೆರಾ ಬರೆದುಕೊಂಡ ಸಮಯ ಇನ್ನೊಂದು. ಎರಡರ ವ್ಯತ್ಯಾಸವನ್ನು ಡಿಜಿಕ್ಯಾಮ್‌ಗೆ ಹೇಳಿದರೆ ಆಯಿತು. ಜನರೇ ಸೇರಿ ಬಿಡಿಸುವ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ರಸ್ತೆ ಬಿಡಿಸುವವರ ಹಳೇ ಉಪಾಯ ಇದು. ಅವರು ಬಳಸುವ ಜೆಒಎಸ್‌ಎಂ ಎಡಿಟರ್‌ನಲ್ಲಿ ಗಡಿಯಾರದ ಫೋಟೋ ತೆರೆದು ವ್ಯತ್ಯಾಸ ಹೊಂದಿಸುವುದಕ್ಕೇ ಒಂದು ಸೌಲಭ್ಯ ಇದೆ.

ನಿಮಿಷದ ತಪ್ಪು ಸಣ್ಣದು. ಗಂಟೆಗಳ ತಪ್ಪು ಟೈಮ್ ಝೋನ್‌ನಿಂದ ಬರುತ್ತದೆ. ಜಿಪಿಎಕ್ಸ್ ಫೈಲ್‌ನಲ್ಲಿ ಇರುವುದು ಯುಟಿಸಿ, ಅಂದ್ರೆ ಇಡೀ ಜಗತ್ತಿಗೆ ಒಂದೇ ಆದ ಸಮಯ. ಕ್ಯಾಮೆರಾ ಬರೆಯುವುದು ಅಲ್ಲಿನ ಸಮಯ, ಅದೂ ಯಾವ ಊರಿನದು ಅಂತ ಹೇಳದೆ. ಟೈಮ್ ಝೋನ್ ಬರೆಯುವುದಕ್ಕೆ ಎಕ್ಸಿಫ್‌ನಲ್ಲಿ (ಫೋಟೋ ಫೈಲ್‌ನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ) ಜಾಗ ಸಿಕ್ಕಿದ್ದೇ 2016ರಲ್ಲಿ, 2.31ನೇ ಆವೃತ್ತಿಯಲ್ಲಿ. ನನ್ನ ಕ್ಯಾಮೆರಾ ಅದಕ್ಕಿಂತ ಹಳೆಯದು. ಒಮ್ಮೆ ಬೇರೆ ದೇಶದಲ್ಲಿ ತೆಗೆದ ಫೋಟೋಗಳನ್ನು ಮನೆಗೆ ಬಂದು, ಈ ಮಾಹಿತಿಯನ್ನು ಓದಿ ತಿದ್ದುವ ಎಕ್ಸಿಫ್‌ಟೂಲ್‌ಗೆ ಟ್ರ್ಯಾಕ್ ಜೊತೆ ಕೊಟ್ಟೆ. ಬೇರೆ ಸುಳಿವು ಇಲ್ಲದಿದ್ದರೆ ಅದು ಕಂಪ್ಯೂಟರಿನ ಟೈಮ್ ಝೋನನ್ನೇ ನಂಬುತ್ತದೆ. ಟ್ರ್ಯಾಕ್‌ಗೆ ಅರ್ಧ ಗಂಟೆಗಿಂತ ದೂರ ಇರುವ ಫೋಟೋ ಬಂದರೆ ಜಾಗ ಬರೆಯುವುದೇ ಇಲ್ಲ. ನನಗೂ ಹಾಗೇ ಆಯಿತು. ಒಳ್ಳೇದೇ ಆಯಿತು ಅನ್ನಿ. ಸುಮ್ನೆ ಏನೋ ಒಂದು ಬರೆಯುವುದಕ್ಕಿಂತ ಬರೆಯದೇ ಇರುವುದು ವಾಸಿ.

ಎಕ್ಸಿಫ್‌ಟೂಲ್ ಬಗ್ಗೆ ಎರಡು ಮಾತು. ಫಿಲ್ ಹಾರ್ವೆ ಅನ್ನುವವರು 2003ರಿಂದ ಬೆಳೆಸಿಕೊಂಡು ಬಂದಿರುವ ಪರ್ಲ್ ಪ್ರೋಗ್ರಾಂ ಇದು. ಬಟನ್ ಇಲ್ಲ, ಮ್ಯಾಪ್ ಇಲ್ಲ, ಎಲ್ಲಾ ಟೈಪ್ ಮಾಡಬೇಕು. ಮೊದಲ ವಾರ ತಲೆ ಕೆಡುತ್ತದೆ. ಆಮೇಲೆ ಸಾವಿರ ಫೋಟೋಗೆ ಒಂದೇ ಸಾಲು ಸಾಕು. ಆದರೆ ಹೇಳಿದಷ್ಟನ್ನೇ ಮಾಡುತ್ತದೆ. ಎಕ್ಸಿಫ್‌ನಲ್ಲಿ ರೇಖಾಂಶದ ಅಂಕಿ ಒಂದು ಟ್ಯಾಗ್, ಪೂರ್ವವೋ ಪಶ್ಚಿಮವೋ ಅನ್ನುವುದು ಇನ್ನೊಂದು. ನಾನು ಕೈಯಲ್ಲಿ ಬರೆಯುವಾಗ ಎರಡನೆಯದನ್ನು ತಪ್ಪು ಹಾಕಿದ್ದೆ. ಬೆಟ್ಟದ ಫೋಟೋ ಸಮುದ್ರಕ್ಕೆ ಬಿತ್ತು.

ಹಂಚಿಕೊಳ್ಳುವ ವಿಷಯಕ್ಕೆ ಬರೋಣ. ಫೋಟೋ ಹಂಚುವ ಸೈಟ್ ಫ್ಲಿಕರ್‌ನಲ್ಲಿ ಫೋಟೋವನ್ನು ಮ್ಯಾಪ್ ಮೇಲೆ ಇಡುವ ಸೌಲಭ್ಯ 2006ರಲ್ಲಿ ಬಂತು. ಅದಕ್ಕೂ ಮೊದಲು ಜನ ಅಕ್ಷಾಂಶವನ್ನು ಮಾಮೂಲಿ ಟ್ಯಾಗ್ ಥರ ಟೈಪ್ ಮಾಡುತ್ತಿದ್ದರು. ನನಗೆ ಹೆಚ್ಚು ಹಿಡಿಸಿದ್ದು ವಿಕಿಪೀಡಿಯಕ್ಕೆ ಫೋಟೋ ಒದಗಿಸುವ ಮುಕ್ತ ಸಂಗ್ರಹ, ವಿಕಿಮೀಡಿಯ ಕಾಮನ್ಸ್. ಅಲ್ಲಿ ಕ್ಯಾಮೆರಾ ಇದ್ದ ಜಾಗ ಬೇರೆ, ಫೋಟೋದಲ್ಲಿರುವ ವಸ್ತುವಿನ ಜಾಗ ಬೇರೆ. ದಡದಿಂದ ತೆಗೆದ ಒಂದು ಲೈಟ್‌ಹೌಸ್ ಫೋಟೋಗೆ ನಾನು ಲೈಟ್‌ಹೌಸ್ ಜಾಗವನ್ನೇ ಕ್ಯಾಮೆರಾ ಜಾಗ ಅಂತ ಕೊಟ್ಟಿದ್ದೆ. ಗುರುತು ಪರಿಚಯ ಇಲ್ಲದ ಯಾರೋ ಬಂದು ಎರಡನ್ನೂ ಬೇರೆ ಮಾಡಿ, ಕ್ಯಾಮೆರಾ ಯಾವ ದಿಕ್ಕಿಗೆ ತಿರುಗಿತ್ತು ಅಂತಲೂ ಬರೆದು ಹೋದರು. ನನಗೇ ಅದು ನೆನಪಿರಲಿಲ್ಲ!

ಇದರ ಇನ್ನೊಂದು ಮುಖವೂ ಇದೆ. ಕಾಮನ್ಸ್‌ನಲ್ಲಿ ಜಾಗ ಅಳಿಸಿದರೂ ಪುಟದ ಇತಿಹಾಸದಲ್ಲಿ ಹಳೆಯದು ಹಾಗೇ ಇರುತ್ತದೆ.

ಇದು ಗೊತ್ತಾಗುವ ಮೊದಲೇ ನಾನು ಬೇರೊಂದು ಸೈಟ್‌ನಲ್ಲಿ ಎಡವಿದ್ದೆ. ಬೆಕ್ಕಿನ ಫೋಟೋ, ಕಿಟಕಿಯ ಮಳೆ, ಹೊಸ ಲೆನ್ಸ್‌ನ ಪರೀಕ್ಷೆ, ಎಲ್ಲಾ ಹಾಕಿದ್ದೆ. ಒಂದು ದಿನ ನನ್ನ ಮ್ಯಾಪ್ ತೆರೆದರೆ ಗುರುತುಗಳೆಲ್ಲ ಒಂದೇ ಕಡೆ ಗುಂಪಾಗಿದ್ದವು. ನಮ್ಮ ಮನೆ ಛಾವಣಿ ಮೇಲೆ. ತಕ್ಷಣ ಎಕ್ಸಿಫ್‌ಟೂಲ್‌ನಲ್ಲಿ ಜಿಪಿಎಸ್ ಟ್ಯಾಗ್ ಎಲ್ಲಾ ಅಳಿಸಿ ಮತ್ತೆ ಹಾಕಿದೆ. ಜಾಗ ಮತ್ತೆ ಕಾಣಿಸಿತು! ಡಿಜಿಕ್ಯಾಮ್ ಅದನ್ನು ಎಕ್ಸಿಫ್‌ನಲ್ಲೂ ಬರೆದಿತ್ತು, ಅದೇ ಫೈಲ್‌ನ ಇನ್ನೊಂದು ಮಾಹಿತಿ ಭಾಗವಾದ ಎಕ್ಸ್‌ಎಂಪಿಯಲ್ಲೂ ಬರೆದಿತ್ತು. ನಾನು ಅಳಿಸಿದ್ದು ಒಂದನ್ನು ಮಾತ್ರ. ಈಗ ಎರಡನ್ನೂ ಅಳಿಸಿ, ಫೈಲನ್ನು ಮತ್ತೆ ಓದಿಸಿ ನೋಡಿಯೇ ಅಪ್‌ಲೋಡ್ ಮಾಡುವುದು. ಫ್ಲಿಕರ್‌ನಲ್ಲಿ 2011ರಿಂದ ಜಿಯೋಫೆನ್ಸ್ ಇದೆ, ಮನೆ ಸುತ್ತ ಒಂದು ವೃತ್ತ ಹಾಕಿ ಅದರೊಳಗಿನ ಫೋಟೋಗಳ ಜಾಗ ಯಾರಿಗೆ ಕಾಣಬೇಕು ಅಂತ ಹೇಳಬಹುದು. ಒಳ್ಳೇ ಸೌಲಭ್ಯ, ಆದರೂ ನಾನು ಫೈಲ್‌ನಲ್ಲೇ ಅಳಿಸುತ್ತೇನೆ.

ಹಕ್ಕಿ, ಗಿಡದ ಫೋಟೋ ಹಾಕುವವರಿಗೆ ಐನ್ಯಾಚುರಲಿಸ್ಟ್ ಅನ್ನುವ ಸೈಟ್ ಸುಲಭ. ಅಪಾಯದಲ್ಲಿರುವ ಪ್ರಭೇದ ಆದರೆ ಅದು ತಾನಾಗೇ ನಿಖರ ಜಾಗ ಮರೆಮಾಡಿ ಅಂದಾಜಿನ ಜಾಗ ತೋರಿಸುತ್ತದೆ.

ಫೋನ್‌ನಲ್ಲಷ್ಟೇ ಫೋಟೋ ತೆಗೆಯುವವರಿಗೆ ಇಷ್ಟೆಲ್ಲಾ ಬೇಡ, ಅಲ್ವಾ? ಬಹುಪಾಲು ಬೇಡ. ಅಲ್ಲಿ ತೊಂದರೆ ಉಲ್ಟಾ. ಆಂಡ್ರಾಯ್ಡ್ 10ರಿಂದ ಈಚೆಗೆ ಆಪ್‌ಗೆ ಪ್ರತ್ಯೇಕ ಅನುಮತಿ ಇಲ್ಲದಿದ್ದರೆ ಸಿಸ್ಟಮ್ ಆ ಆಪ್‌ಗೆ ಫೋಟೋವನ್ನು ಜಾಗ ಅಳಿಸಿಯೇ ಕೊಡುತ್ತದೆ. ಬೇಕು ಅಂತ ಇಟ್ಟುಕೊಂಡ ಜಾಗ ಅಪ್‌ಲೋಡ್ ಆದಮೇಲೆ ಕಾಣದಿದ್ದರೆ ಮೊದಲು ಅದನ್ನು ನೋಡಿ.

ಡಿಜಿಕ್ಯಾಮ್ ದೊಡ್ಡ ಸಂಗ್ರಹದಲ್ಲಿ ಮ್ಯಾಪ್ ತೆರೆಯುವಾಗ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ತೆವಳುತ್ತದೆ. ಅದೊಂದು ಬೇಜಾರು. ಬಿಟ್ಟು ಹೋಗುವಷ್ಟಲ್ಲ. ಇನ್ನು ನನ್ನ ಸಂಗ್ರಹದ ಪ್ರತಿ ಫೋಲ್ಡರ್ ತೆರೆದರೂ ಮೊದಲು ಕಾಣುವುದು ಗಡಿಯಾರ. ಬೆಳಿಗ್ಗೆ 6:12:40, 5:48:07, 7:30:15. ಸಂತೆಯಲ್ಲಿ ವಾಚ್ ಅಂಗಡಿ ಇಟ್ಟ ಹಾಗಿದೆ.