ಉಪ್ಪುಗಾಳಿಯ ಊರಲ್ಲಿ ಗೋಡೆಗೆ ಯಾವ ಲೋಹ?

ನಮ್ಮದು ಮಂಗಳೂರು. ಮನೆಯಿಂದ ಸಮುದ್ರ ಎರಡು ಕಿಲೋಮೀಟರ್ ಕೂಡ ಇಲ್ಲ. ಇಲ್ಲಿ ಗೇಟಿನ ಚಿಲಕಕ್ಕೆ ವರ್ಷಕ್ಕೊಮ್ಮೆ ಪೇಂಟ್ ಬಳಿಯದಿದ್ದರೆ ಅದು ಉದುರಿ ಕೈಗೇ ಬರುತ್ತದೆ. ಇಂಥ ಊರಲ್ಲಿ ಹಾಲ್‌ನ ಗೋಡೆಗೆ ಲೋಹದ ಅಲಂಕಾರ ಮಾಡುತ್ತೇನೆ ಅಂದಾಗ ಅಮ್ಮ ಕೇಳಿದ್ದು ಒಂದೇ: "ಅದನ್ನು ಒರೆಸುವವರು ಯಾರು?" ಮೂರು ಮಳೆಗಾಲ ಕಳೆದ ಮೇಲೆ ಅದೇ ಸರಿಯಾದ ಪ್ರಶ್ನೆ ಅನ್ನಿಸುತ್ತಿದೆ.

ಮೊದಲು ತಂದದ್ದು ಆನ್‌ಲೈನ್‌ನಲ್ಲಿ ಎಲ್ಲ ಕಡೆ ಕಾಣುತ್ತದಲ್ಲ, ಆ ಕಪ್ಪು ಮರ. ಕೊಂಬೆ ಮೇಲೆ ಎರಡು ಹಕ್ಕಿ. ಮೂರು ಅಡಿ ಅಗಲ, ಎರಡು ಅಡಿ ಎತ್ತರ, 2 ಮಿ.ಮೀ. ದಪ್ಪದ ಎಂ.ಎಸ್. ಶೀಟ್, ಅಂದರೆ ಸಾದಾ ಕಬ್ಬಿಣ. ಲೇಸರ್‌ನಲ್ಲಿ ಕತ್ತರಿಸಿ ಪೌಡರ್ ಕೋಟಿಂಗ್ ಮಾಡಿದ್ದು. ಕೊಟ್ಟದ್ದು 2,800 ರೂಪಾಯಿ. ಗೋಡೆಗೆ ತಾಗದ ಹಾಗೆ ಹಿಂದೆ ಒಂದು ಇಂಚು ಜಾಗ ಬಿಟ್ಟು ಕೂರಿಸಿದೆವು. ಸಂಜೆ ದೀಪ ಹಾಕಿದರೆ ಗೋಡೆಯ ಮೇಲೆ ಇನ್ನೊಂದು ಮರದ ನೆರಳು. ನಿಜವಾಗಿ ಚಂದ ಇತ್ತು.

ಆಗಸ್ಟ್‌ನಲ್ಲಿ ಒಂದು ಹಕ್ಕಿಯ ಬಾಲದ ಕೆಳಗೆ ಕಂದು ಬಣ್ಣದ ಗೆರೆ ಕಾಣಿಸಿತು. ಚಾ ಸೋರಿದ ಹಾಗೆ. ಕೆಳಗಿಳಿಸಿ ನೋಡಿದರೆ ಮುಖ ಹೊಸದರಂತೆಯೇ ಇದೆ, ಅಂಚು ಮಾತ್ರ ತುಕ್ಕು. ಪೌಡರ್ ಕೋಟಿಂಗ್‌ನಲ್ಲಿ ಬಣ್ಣದ ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಶೀಟಿಗೆ ಅಂಟಿಸುತ್ತಾರೆ. ಆಮೇಲೆ ಸುಮಾರು 200 ಡಿಗ್ರಿ ಬಿಸಿಯ ಓವನ್‌ನಲ್ಲಿ ಕರಗಿಸುತ್ತಾರೆ. ಕರಗುವಾಗ ಚೂಪು ಅಂಚಿನಿಂದ ಬಣ್ಣ ಹಿಂದಕ್ಕೆ ಸರಿದು ಅಲ್ಲಿ ಪದರ ತೆಳ್ಳಗಾಗುತ್ತದೆ. ಇಂಥ ಮರದಲ್ಲಿ ಎಲೆ ಎಲೆಗೂ ಅಂಚೇ ಅಲ್ವಾ? ಮಾರಿದವರಿಗೆ ಫೋಟೋ ಕಳಿಸಿದೆ. "ಇದು ಮನೆಯೊಳಗೆ ಹಾಕಲಿಕ್ಕೆ ಮಾತ್ರ ಸರ್" ಅಂದರು. ನಾನೇನು ಅಂಗಳದಲ್ಲಿ ನೆಟ್ಟಿದ್ದೆನಾ?

ಅದೇ ನಮೂನೆಯ ಮರವನ್ನು ಇಲ್ಲೇ ಒಬ್ಬ ಫ್ಯಾಬ್ರಿಕೇಶನ್‌ನವರ ಹತ್ತಿರ ಅಲ್ಯೂಮಿನಿಯಂನಲ್ಲಿ ಮಾಡಿಸಿದೆ. ಬಾಗಬಾರದೆಂದು 3 ಮಿ.ಮೀ. ಶೀಟ್ ತೆಗೆದುಕೊಂಡೆವು. ಆದರೂ ತೂಕ ಕಬ್ಬಿಣದ್ದರ ಅರ್ಧದಷ್ಟೇ. ದುಡ್ಡು ಹೆಚ್ಚುಕಡಿಮೆ ಎರಡರಷ್ಟಾಯಿತು. ಎರಡು ಮಳೆಗಾಲ ಆಯಿತು, ಏನೂ ಆಗಿಲ್ಲ. ಬೆರಳಲ್ಲಿ ತಟ್ಟಿದರೆ ಡಬ್ಬದ ಸದ್ದು ಬರುತ್ತದೆ. ತಟ್ಟಬೇಡಿ, ಅಷ್ಟೇ.

ತೂಕ ಯಾಕೆ ಹೇಳಿದೆ ಅಂದರೆ, ಗೋಡೆಗೂ ಅದರ ಮಾತು ಇದೆ. ಡ್ರಿಲ್ ಹಾಕಲು ಬಂದವರು ಒಳಗೆ ಹೋದ ಬಿಟ್ ಸುಮ್ನೆ ತಿರುಗುವುದನ್ನು ನೋಡಿ, "ಇದು ಕೆಂಪುಕಲ್ಲಲ್ಲ ಮಾರಾಯ್ರೆ, ಹಾಲೋ ಬ್ಲಾಕ್. ಒಳಗೆ ಪೊಳ್ಳು" ಅಂದರು. ಸಣ್ಣ ಪ್ಲಾಸ್ಟಿಕ್ ಪ್ಲಗ್ ಅಲ್ಲಿ ನಿಲ್ಲುವುದಿಲ್ಲ, ಉದ್ದದ್ದು ಬೇಕು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್‌ನದೇ ಹಾಕಿಸಿ. ಅಲ್ಯೂಮಿನಿಯಂ ಆದರೆ ನಡುವೆ ನೈಲಾನ್ ವಾಷರ್ ಕೂಡ ಇರಲಿ. ಎರಡು ಲೋಹ ಒಂದಕ್ಕೊಂದು ತಾಗಿದ ಕಡೆ ಉಪ್ಪುಗಾಳಿಗೆ ಬೇಗ ಸವೆಯುತ್ತದೆ.

ಹಿತ್ತಾಳೆಯ ನವಿಲಿನ ಕಥೆ ಬೇರೆ. ಅಂಗಡಿಯಿಂದ ಬಂದಾಗ ಚಿನ್ನದ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಹೊಳಪು ಉಳಿಯಲೆಂದು ಹಚ್ಚುವ ಲ್ಯಾಕರ್‌ನ ಪಾರದರ್ಶಕ ಪದರ ಇದೆ, ಉಜ್ಜಬಾರದು ಅಂತ ನನಗೆ ಗೊತ್ತಿತ್ತು. ಅಮ್ಮನಿಗೆ ಹೇಳಲು ಮರೆತೆ. ಚೌತಿಯ ಹಿಂದಿನ ದಿನ ದೀಪಗಳ ಜೊತೆ ನವಿಲಿಗೂ ಹುಣಸೆಹುಳಿಯ ಸ್ನಾನ ಆಯಿತು. ಲ್ಯಾಕರ್ ಅಲ್ಲಲ್ಲಿ ಎದ್ದು, ಮುಖಕ್ಕೆ ಚಿಬ್ಬು ಬಂದ ಹಾಗೆ ಆಯಿತು. ಕೊನೆಗೆ ಥಿನ್ನರ್ ಹಚ್ಚಿ ಇಡೀ ಪದರ ತೆಗೆಸಿದೆ. ಈಗ ಅದು ಬರೀ ಹಿತ್ತಾಳೆ. ಹದಿನೈದು ದಿನಕ್ಕೊಮ್ಮೆ ಉಜ್ಜದಿದ್ದರೆ ಕಪ್ಪಾಗುತ್ತದೆ. ಅಮ್ಮನಿಗೆ ಅದು ಕೆಲಸ ಅಂತಲೇ ಅನ್ನಿಸುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥವರಿಲ್ಲದಿದ್ದರೆ ಹಿತ್ತಾಳೆ ಬೇಡ.

ಬಸ್ತರ್‌ನ ಕಬ್ಬಿಣದ ಜಿಂಕೆ ಸಾಲು ಒಂದು ಕರಕುಶಲ ಮೇಳದಲ್ಲಿ ಸಿಕ್ಕಿತು. ಛತ್ತೀಸ್‌ಗಢದ ಕೊಂಡಗಾಂವ್ ಕಡೆಯ ಕೆಲಸ. ಕುಲುಮೆಯಲ್ಲಿ ಕಾಯಿಸಿ ಸುತ್ತಿಗೆಯಲ್ಲಿ ಬಡಿದು ಮಾಡಿದ್ದು. ಹತ್ತಿರ ಹೋದರೆ ಏಟಿನ ಗುರುತು ಕಾಣುತ್ತದೆ. ಇದಕ್ಕೂ ತುಕ್ಕು ಬಂತು, ಆದರೆ ಈ ಒರಟು ಮೈಗೆ ಅದು ಒಪ್ಪುತ್ತದೆ. ವರ್ಷಕ್ಕೊಮ್ಮೆ ಬ್ರಷ್‌ನಲ್ಲಿ ತಿಕ್ಕಿ ತೆಳ್ಳಗೆ ಮೇಣ ಸವರುತ್ತೇನೆ. ಜಿಂಕೆಯ ಕಾಲುಗಳ ನಡುವೆ ಜೇಡ ಬಲೆ ಕಟ್ಟುವುದೇ ದೊಡ್ಡ ತಾಪತ್ರಯ.

ಇನ್ನು ಬಿದ್ರಿ. 2023ರಲ್ಲಿ ಬೀದರ್‌ನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಹುಟ್ಟಿದ ಆಸೆ ಇದು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಸರ್ಕಾರಿ ಕರಕುಶಲ ಮಳಿಗೆ ಕಾವೇರಿ ಎಂಪೋರಿಯಂನಲ್ಲಿ 8 ಇಂಚಿನ ತಟ್ಟೆ ಕೊಂಡೆ, 4,500 ರೂಪಾಯಿ. ಅಳತೆಗೆ ಹೋಲಿಸಿದರೆ ಎಲ್ಲಕ್ಕಿಂತ ದುಬಾರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಬಿಡಿಸಿದ ಗೆರೆ ಕಾಣಲೆಂದು ಮೊದಲು ಮೈಲುತುತ್ತು ಸವರಿ ಮೈಯನ್ನು ಕಪ್ಪು ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುತ್ತೇವಲ್ಲ, ಅದೇ ಮೈಲುತುತ್ತು! ಗೆರೆ ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸಿ, ಕೊನೆಗೆ ನವಸಾಗರದ ಜೊತೆ ಬೀದರ್ ಕೋಟೆಯ ಮಣ್ಣು ಕಲಸಿ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಮೊದಲ ಮಳೆಗಾಲಕ್ಕೆ ಬೆಳ್ಳಿ ಮಂಕಾಯಿತು, ಕಪ್ಪು ತುಸು ಬೂದಿಯಾಯಿತು. ಮೆತ್ತಗಿನ ಬಟ್ಟೆಗೆ ಒಂದು ಹನಿ ತೆಂಗಿನೆಣ್ಣೆ ಹಾಕಿ ಒರೆಸಿದೆ. ಎರಡು ನಿಮಿಷದಲ್ಲಿ ಕಪ್ಪು ವಾಪಸ್ ಬಂತು, ಬಳ್ಳಿಯ ಗೆರೆಗಳು ಎದ್ದು ನಿಂತವು. ಹುಣಸೆಹುಳಿ ಹಿಡಿದು ಬಂದ ಅಮ್ಮನನ್ನು ಈ ಸಲ ಸಮಯಕ್ಕೆ ತಡೆದೆ.

ದೊಡ್ಡ ಗೋಡೆಗೆ ಅಲ್ಯೂಮಿನಿಯಂ, ಕೂತು ನೋಡುವ ಮೂಲೆಗೆ ಬಿದ್ರಿ. ನನ್ನ ಆಯ್ಕೆ ಇಷ್ಟು. ಕಬ್ಬಿಣದ ಮರಕ್ಕೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪೇಂಟ್ ಹೊಡೆದು ಘಟ್ಟದ ಮೇಲಿರುವ ತಂಗಿಯ ಮನೆಗೆ ಕಳಿಸಿದೆ, ಅಲ್ಲಿ ಆರಾಮಾಗಿದೆ. ಹಾಲೋ ಬ್ಲಾಕ್‌ನಲ್ಲಿ ತಪ್ಪಿ ಕೊರೆದ ಎರಡು ತೂತು ಮಾತ್ರ ಹಾಗೇ ಉಳಿದಿವೆ. ಅದರ ಮೇಲೆ ಅಮ್ಮ ಕ್ಯಾಲೆಂಡರ್ ತೂಗುಹಾಕಿದ್ದಾರೆ.