ಆಂಡ್ರಾಯ್ಡ್ ಎಮ್ಯುಲೇಟರ್ ಪತ್ತೆ: ಬಿಲ್ಡ್ ಮಾಹಿತಿಯೋ, ಪ್ಲೇ ಇಂಟೆಗ್ರಿಟಿಯೋ?

ಆ್ಯಪ್ ಓಡುತ್ತಿರುವುದು ಕಂಪ್ಯೂಟರ್‌ನಲ್ಲಿ ಫೋನನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲೋ ನಿಜವಾದ ಫೋನ್‌ನಲ್ಲೋ ಎಂದು ತಿಳಿಯಲು ಮುಖ್ಯವಾಗಿ ಎರಡು ದಾರಿಗಳಿವೆ: ಸಾಧನ ತನ್ನ ಬಗ್ಗೆ ಹೇಳಿಕೊಳ್ಳುವ ಬಿಲ್ಡ್ ಮಾಹಿತಿ ಓದುವುದು, ಇಲ್ಲವೇ ಸಾಧನ ನಂಬಲರ್ಹವೇ ಎಂದು ತಿಳಿಸುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಸೇವೆಯನ್ನು ಕೇಳುವುದು. ಯಾವುದನ್ನು ಹಿಡಿಯಬೇಕು ಎನ್ನುವುದು, ತಪ್ಪು ಉತ್ತರ ಬಂದರೆ ನಿಮಗೆಷ್ಟು ನಷ್ಟ ಎನ್ನುವುದರ ಮೇಲಿದೆ.

ಶ್ರಮದ ಲೆಕ್ಕದಲ್ಲಿ ಬಿಲ್ಡ್ ಮಾಹಿತಿಯೇ ಹಗುರ. ಹಾರ್ಡ್‌ವೇರ್ ಹೆಸರು ‘ಗೋಲ್ಡ್‌ಫಿಶ್’ ಅಥವಾ ‘ರಾಂಚು’ ಇದೆಯೇ, ಮಾಡೆಲ್ ಹೆಸರಿನಲ್ಲಿ ‘ಎಸ್‌ಡಿಕೆ’ ಇದೆಯೇ ಎಂದು ನೋಡಿದರೆ ಆಂಡ್ರಾಯ್ಡ್ ಸ್ಟುಡಿಯೋದ ಎಮ್ಯುಲೇಟರ್ ಸಿಕ್ಕಿಬೀಳುತ್ತದೆ. ನಾಲ್ಕೈದು ಸಾಲಿನ ಕೋಡ್ ಸಾಕು, ಇಂಟರ್ನೆಟ್ ಬೇಡ. ಪ್ಲೇ ಇಂಟೆಗ್ರಿಟಿಗೆ ಪ್ಲೇ ಕನ್ಸೋಲ್‌ನಲ್ಲಿ ಜೋಡಣೆ, ಟೋಕನ್ (ಗೂಗಲ್ ತನ್ನ ತೀರ್ಪನ್ನು ಕಳಿಸುವ ಸಂಕೇತ) ಪರಿಶೀಲಿಸಲು ನಿಮ್ಮದೇ ಸರ್ವರ್, ನೆಟ್‌ವರ್ಕ್ ಎಲ್ಲವೂ ಬೇಕು. ದಿನಕ್ಕೆ 10,000 ಕೋರಿಕೆಗಳ ಆರಂಭಿಕ ಮಿತಿಯೂ ಇದೆ. ಆ್ಯಪ್ ತೆರೆದಾಗಲೆಲ್ಲ ಕರೆಯಬೇಡಿ, ಹಣ ಕಳಿಸುವಂಥ ಹೆಜ್ಜೆಗಷ್ಟೇ ಬಳಸಿ.

ಭದ್ರತೆಯಲ್ಲಿ ಮಾತ್ರ ಅಜಗಜಾಂತರ. ಬಿಲ್ಡ್ ಮೌಲ್ಯಗಳು ಬರೀ ಅಕ್ಷರಗಳು. ಗೇಮ್ ಎಮ್ಯುಲೇಟರ್‌ಗಳು ಮಾರುಕಟ್ಟೆಯ ಫೋನ್ ಮಾದರಿಯ ಹೆಸರನ್ನೇ ಹೇಳಿಕೊಳ್ಳಬಲ್ಲವು, ಓಡುತ್ತಿರುವ ಆ್ಯಪ್‌ನ ಕೋಡನ್ನೇ ಬದಲಿಸುವ ಫ್ರಿಡಾದಂಥ ಟೂಲ್ ಇದ್ದರೆ ನಿಮ್ಮ ಪರೀಕ್ಷೆಯ ಉತ್ತರವನ್ನೇ ತಿರುಚಬಹುದು. ಬಿಲ್ಡ್ ಫಿಂಗರ್‌ಪ್ರಿಂಟ್‌ನಲ್ಲಿ (ಬೆರಳಚ್ಚಲ್ಲ, ಆಂಡ್ರಾಯ್ಡ್ ಬಿಲ್ಡನ್ನು ಗುರುತಿಸುವ ಅಕ್ಷರಸಾಲು) ‘ಜೆನೆರಿಕ್’ ಹುಡುಕುವ ಹಳೆಯ ಕೋಡ್ ಇನ್ನೊಂದು ತೊಂದರೆ: ಕಸ್ಟಮ್ ರಾಮ್ (ಕಂಪನಿ ಕೊಟ್ಟದ್ದಲ್ಲದ ಆಂಡ್ರಾಯ್ಡ್ ಆವೃತ್ತಿ) ಹಾಕಿದ ಅಸಲಿ ಫೋನನ್ನೂ ಅದು ನಕಲಿ ಎನ್ನಬಹುದು.

ಪ್ಲೇ ಇಂಟೆಗ್ರಿಟಿ ಗಟ್ಟಿ, ಆದರೆ ಅದು ಉತ್ತರಿಸುವ ಪ್ರಶ್ನೆಯೇ ಬೇರೆ: ‘ಇದು ಎಮ್ಯುಲೇಟರೇ?’ ಅಲ್ಲ, ‘ಈ ಸಾಧನವನ್ನು ನಂಬಬಹುದೇ?’. ಬೂಟ್‌ಲೋಡರ್ (ಫೋನನ್ನು ಶುರುಮಾಡುವ ಪ್ರೋಗ್ರಾಂ) ಬೀಗ ತೆರೆದ ಫೋನ್, ಗೂಗಲ್ ಪ್ಲೇ ಇಲ್ಲದ ಫೋನ್ ಇವೂ ಫೇಲಾಗುತ್ತವೆ. ‘ಫೇಲ್ ಅಂದರೆ ಎಮ್ಯುಲೇಟರ್’ ಎಂದು ಬರೆದರೆ ಪ್ರಾಮಾಣಿಕ ಬಳಕೆದಾರರೇ ಹೊರಗುಳಿಯುತ್ತಾರೆ.

ಟೆಸ್ಟಿಂಗ್ ವೇಳೆ ಅನಲಿಟಿಕ್ಸ್ (ಬಳಕೆಯ ಅಂಕಿಅಂಶ ಸಂಗ್ರಹ) ನಿಲ್ಲಿಸಲು ಬಿಲ್ಡ್ ಮಾಹಿತಿ ಧಾರಾಳವಾಯಿತು. ಪಾವತಿ, ರೆಫರಲ್ ಬಹುಮಾನಗಳಿದ್ದರೆ ಇಂಟೆಗ್ರಿಟಿಗೇ ಹೋಗಿ. ಫೇಲಾದವರನ್ನು ನೇರ ತಡೆಯದೆ ಹೆಚ್ಚುವರಿ ಒಟಿಪಿ ಕೇಳಿ.